ನಾಟಕವೇ ಆಗಿರಲಿ, ಚೆನ್ನಾಗಿ ಆಡಲಿ: ನಮ್ಮ ಕನ್ನಡ ಕೂಟದ ಪದಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ ಮತ್ತು ಕ್ಯಾಲಿಫೋರ್ನಿಯಾದ ಬೇ ಏರಿಯಾದ ಎಲ್ಲ ಕನ್ನಡ ಬಂಧುಗಳಿಗೆ ನಮಸ್ಕಾರ.

ಫೆಬ್ರವರಿ ಕಾರ್ಯಕ್ರಮದಲ್ಲಿ ಹದಿನೈದು ನಿಮಿಷ ಕೊಡಿ ಅಂತ ನಾಟಕ ತಂಡದ ಪರವಾಗಿ ಕೇಳಿದ್ದೆ. ಫೆಬ್ರವರಿ 19ರ ನೆನಪಿಗೆ, ಅಂದರೆ ಅಮೆರಿಕದಲ್ಲಿದ್ದ ಜಪಾನಿ ಮೂಲದವರನ್ನು ಶಿಬಿರಗಳಿಗೆ ತಳ್ಳಲು 1942ರಲ್ಲಿ ಆದೇಶ ಹೊರಟ ದಿನದ ನೆನಪಿಗೆ, ಒಂದು ಕಿರುನಾಟಕ ಆಡುವ ಆಸೆ ಇತ್ತು. ಸಭೆಯಲ್ಲಿ ಸಿಕ್ಕ ಉತ್ತರ ಇದು: "ಜಪಾನಿಯರದ್ದು, ಚೀನೀಯರದ್ದು ನಮಗ್ಯಾಕೆ? ಎಲ್ಲ ಮುಗಿದ ಮೇಲೆ ಸರ್ಕಾರಗಳು ಕ್ಷಮೆ ಕೇಳೋದೆಲ್ಲ ಬರೀ ನಾಟಕ." ಆ ಹದಿನೈದು ನಿಮಿಷ ಅಂತ್ಯಾಕ್ಷರಿಗೆ ಹೋಯಿತು. ಅಂತ್ಯಾಕ್ಷರಿ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನಾಟಕ ಆಡುವವರ ಎದುರಿಗೇ ಬರೀ ನಾಟಕ ಅಂದಿರಲ್ಲ, ಅದಕ್ಕೆ ನಾಟಕದವನಾಗಿಯೇ ಉತ್ತರ ಹೇಳುತ್ತೇನೆ. ಎಲ್ಲರೂ ಓದಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ಒಬ್ಬ ನಟನ ಕಥೆ. ನಟರು ರಾಜಕೀಯಕ್ಕೆ ಬರೋದು ನಮಗೆ ಹೊಸದೇನಲ್ಲ. ಅಂಬರೀಷ್ ಮಂಡ್ಯದ ಸಂಸದರಾದರು, ಅನಂತ್ ನಾಗ್ ಮಂತ್ರಿಯಾದರು. ರೊನಾಲ್ಡ್ ರೇಗನ್ ಶ್ವೇತಭವನಕ್ಕೇ ಹೋಗಿ ಕೂತರು. ಒಂದು ಸಿನಿಮಾದಲ್ಲಿ ಚಿಂಪಾಂಜಿ ಜೊತೆ ನಟಿಸಿದ್ದ ಮನುಷ್ಯ. ಅವರನ್ನು ಕಂಡರೆ ಆಗದವರು ಆ ಚಿಂಪಾಂಜಿಯನ್ನು ಕೊನೆವರೆಗೂ ಎಳೆದು ತರುತ್ತಲೇ ಇದ್ದರು. ಆ ಮನುಷ್ಯ 1988ರ ಆಗಸ್ಟ್ 10ರಂದು ಒಂದು ಕಾನೂನಿಗೆ ಸಹಿ ಹಾಕಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಯಿಂದ ಎಬ್ಬಿಸಿ ಮುಳ್ಳುತಂತಿಯೊಳಗೆ ಕೂಡಿಹಾಕಿದ್ದರು. ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪ್ರಜೆಗಳೇ. ಯಾರ ಮೇಲೂ ಆರೋಪ ಇಲ್ಲ, ವಿಚಾರಣೆ ಇಲ್ಲ. ಆ ತಪ್ಪಿಗೆ ದೇಶದ ಹೆಸರಲ್ಲಿ ಕ್ಷಮೆ, ಜೊತೆಗೆ ಬದುಕಿರುವ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ. ಆ ಕಾನೂನಿನಲ್ಲಿ ಇದ್ದದ್ದು ಅದು.

ಸಹಿ ಹಾಕುವ ಸಮಾರಂಭದ ಭಾಷಣದಲ್ಲಿ ರೇಗನ್ ಒಂದು ಹಳೇ ಪತ್ರಿಕೆಯ ಸುದ್ದಿ ಓದಿದರು. 1945ರ ಡಿಸೆಂಬರ್‌ದು. ಕಾಜುವೊ ಮಸುಡಾ ಎಂಬ ಸೈನಿಕ ಇಟಲಿಯಲ್ಲಿ ಅಮೆರಿಕದ ಪರವಾಗಿ ಹೋರಾಡುತ್ತಾ ಸತ್ತ. ಅವನ ಪದಕ ಕೊಡಲು ಜನರಲ್ ಜೋಸೆಫ್ ಸ್ಟಿಲ್‌ವೆಲ್ ಖುದ್ದಾಗಿ ಆರೆಂಜ್ ಕೌಂಟಿಗೆ ಬಂದರು. ಮರದ ಪುಟ್ಟ ಮನೆಯ ಜಗುಲಿಯಲ್ಲಿ ನಿಂತು, ಕಾಜುವೊನ ಒಡಹುಟ್ಟಿದ ಮೇರಿ ಮಸುಡಾಗೆ ಪದಕ ತೊಡಿಸಿದರು. ಆಮೇಲೆ ನಡೆದ ಸಭೆಯಲ್ಲಿ ಸಿನಿಮಾದವರೂ ಇದ್ದರು. ಒಬ್ಬ ಯುವ ನಟ ಎದ್ದು, ಕಡಲ ದಂಡೆಯ ಮರಳಲ್ಲಿ ಇಂಗಿದ ರಕ್ತಕ್ಕೆಲ್ಲ ಒಂದೇ ಬಣ್ಣ ಅಂದ. ಇಷ್ಟು ಓದಿ ರೇಗನ್, "ಆ ಯುವ ನಟನ ಹೆಸರು, ಉಚ್ಚಾರ ಸರಿಯಿದೆ ಅಂದುಕೊಳ್ಳುತ್ತೇನೆ, ರೊನಾಲ್ಡ್ ರೇಗನ್" ಅಂದರು.

ಟೈಮಿಂಗ್ ನೋಡಿ ಸ್ವಾಮಿ! ನಮ್ಮ ತಂಡದಲ್ಲಿ ಇಂಥ ಒಂದು ಡೈಲಾಗ್ ಸರಿಯಾಗಿ ಬೀಳಬೇಕಾದರೆ ಮೂರು ವಾರ ತಾಲೀಮು ಬೇಕು. ನೀವು ಇದನ್ನ ನಾಟಕ ಅಂತೀರಿ. ಹೌದು, ನಾಟಕವೇ. ಆದರೆ ಈ ನಾಟಕದ ಹಿಂದೆ ಏನಿತ್ತು ಅನ್ನೋದನ್ನೂ ನೋಡಬೇಕಲ್ವಾ? ಖರ್ಚಿನ ಕಾರಣಕ್ಕೆ ಇದೇ ರೇಗನ್ ಸರ್ಕಾರ ಮೊದಲು ಈ ಮಸೂದೆಗೆ ಬೆನ್ನು ತಿರುಗಿಸಿತ್ತು. ಅವರಿಗೆ ಆ ಹಳೇ ಸಭೆಯನ್ನು ನೆನಪಿಸಿದ್ದು ಮಸುಡಾ ಕುಟುಂಬದವರ ಕಾಗದ. ಅದಕ್ಕೂ ಮುಂಚೆ, 1980ರಲ್ಲಿ ಸಂಸತ್ತು ಒಂದು ಆಯೋಗ ನೇಮಿಸಿತ್ತು. 1981ರಲ್ಲಿ ಅದು ಊರೂರಲ್ಲಿ ಕೂತು 750ಕ್ಕಿಂತ ಜಾಸ್ತಿ ಜನರ ಮಾತು ಕೇಳಿತು. ಮನೆಯಲ್ಲಿ ಹೆಂಡತಿ ಮಕ್ಕಳಿಗೂ ಬಾಯಿಬಿಡದೆ ನಲವತ್ತು ವರ್ಷ ನುಂಗಿಕೊಂಡಿದ್ದವರು ಮೈಕಿನ ಮುಂದೆ ಅತ್ತರು. ಇದಕ್ಕೆಲ್ಲ ಕಾರಣ ಜನಾಂಗದ ಪೂರ್ವಗ್ರಹ, ಯುದ್ಧದ ಉನ್ಮಾದ ಮತ್ತು ನಾಯಕರ ಸೋಲು ಅಂತ ಆಯೋಗ ಬರೆಯಿತು. ಸೇನೆಗೆ ಬೇರೆ ದಾರಿ ಇರಲಿಲ್ಲ ಎಂಬ ಹಳೇ ನೆಪಕ್ಕೆ ಆಧಾರವೇ ಇಲ್ಲ ಅಂತ ತೀರ್ಮಾನಿಸಿತು. ಇದು ತಾಲೀಮು. ಇದಿಲ್ಲದೆ ಸೀದಾ ವೇದಿಕೆ ಹತ್ತಿದರೆ ಏನಾಗುತ್ತೆ ಅಂತ ನಾಟಕದವರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ದೃಶ್ಯ. 1990ರ ಅಕ್ಟೋಬರ್ 9, ವಾಷಿಂಗ್ಟನ್. ಮೊದಲ ಚೆಕ್ಕುಗಳನ್ನು ಅತಿ ಹಿರಿಯರಿಗೆ ಕೊಡುವ ದಿನ. ಎಲ್ಲರಿಗಿಂತ ಹಿರಿಯರು ಪಾದ್ರಿ ಮಮೋರು ಎಟೊ, ವಯಸ್ಸು 107. ಗಾಲಿಕುರ್ಚಿಯಲ್ಲಿದ್ದರು. ದೇಶದ ಅಟಾರ್ನಿ ಜನರಲ್ ಡಿಕ್ ಥಾರ್ನ್‌ಬರ್ಗ್ ಅವರ ಮುಂದೆ ಮಂಡಿಯೂರಿ ಚೆಕ್ ಕೊಟ್ಟರು. ಮಂಡಿಯೂರಬೇಕು ಅಂತ ಕಾನೂನಿನಲ್ಲಿ ಎಲ್ಲೂ ಬರೆದಿರಲಿಲ್ಲ. ಚೆಕ್ಕನ್ನು ಅಂಚೆಯಲ್ಲೂ ಕಳಿಸಬಹುದಿತ್ತು. ಆದರೆ 107 ವರ್ಷದ ಅಜ್ಜನಿಗೆ ಸರ್ಕಾರ ಎತ್ತರದಿಂದ ಕೈ ಚಾಚಿ ಕೊಡುವುದಕ್ಕೂ, ಅವರ ಕಣ್ಣಿನ ಮಟ್ಟಕ್ಕೆ ಇಳಿದು ಕೊಡುವುದಕ್ಕೂ ಎಷ್ಟು ವ್ಯತ್ಯಾಸ ಇದೆ! ಯಾರು ಎಲ್ಲಿ ನಿಲ್ಲಬೇಕು, ಯಾರು ಎಲ್ಲಿ ಬಾಗಬೇಕು ಅಂತ ಯೋಚಿಸುವುದೇ ನಮ್ಮ ಅರ್ಧ ಕೆಲಸ. ಚೆಕ್ ಜೊತೆಗೆ ಅಧ್ಯಕ್ಷ ಬುಷ್ ಸಹಿಯ ಕಾಗದ ಇತ್ತು. ಹಣವಾಗಲಿ ಬರೀ ಮಾತಾಗಲಿ ಕಳೆದುಹೋದ ವರ್ಷಗಳನ್ನು ತಂದುಕೊಡಲಾರವು ಅಂತ ಅದರಲ್ಲೇ ಒಪ್ಪಿಕೊಂಡಿದ್ದರು.

ಈಗ ನಮ್ಮೂರಿಗೆ ಬರೋಣ. ಅಪ್ಪ ಅಮ್ಮನನ್ನು ಕರೆತರಲು ನಾವು ಹೋಗಿ ನಿಲ್ಲುವ ಸ್ಯಾನ್ ಹೊಸೆ ವಿಮಾನ ನಿಲ್ದಾಣದ ಬೋರ್ಡಿನಲ್ಲಿ ನಾರ್ಮನ್ ಮಿನೆಟಾ ಅಂತ ಹೆಸರಿದೆಯಲ್ಲ, ಯಾರವರು ಅಂತ ಮಕ್ಕಳು ಕೇಳಿದರೆ ಏನು ಹೇಳುತ್ತೀರಿ? 1942ರಲ್ಲಿ ಹತ್ತು ವರ್ಷದ ಹುಡುಗ. ಕಬ್ ಸ್ಕೌಟ್ ಸಮವಸ್ತ್ರ ಹಾಕಿಕೊಂಡು, ಬೇಸ್‌ಬಾಲ್ ಗ್ಲೌಸ್, ಬ್ಯಾಟು ಹಿಡಿದುಕೊಂಡು ಸ್ಯಾನ್ ಹೊಸೆಯಲ್ಲಿ ಅಪ್ಪ ಅಮ್ಮನ ಜೊತೆ ರೈಲು ಹತ್ತಿದ. ಬ್ಯಾಟು ಆಯುಧ ಆಗಬಹುದು ಅಂತ ಸೈನಿಕರು ಕಿತ್ತುಕೊಂಡರು. ಕೊನೆಗೆ ವಯೋಮಿಂಗ್‌ನ ಹಾರ್ಟ್ ಮೌಂಟನ್ ಶಿಬಿರಕ್ಕೆ ಹೋಗಿ ಬಿದ್ದರು. ಮುಂದೆ ಇದೇ ಹುಡುಗ ಸ್ಯಾನ್ ಹೊಸೆಯ ಮೇಯರ್ ಆದರು, ಸಂಸತ್ತಿಗೆ ಹೋದರು, 1988ರ ಕಾನೂನಿಗಾಗಿ ವರ್ಷಗಟ್ಟಲೆ ಓಡಾಡಿದರು. ಬ್ಯಾಟಿನ ಕಥೆ ಪತ್ರಿಕೆಯಲ್ಲಿ ಬಂದಾಗ ಯಾರೋ ಪುಣ್ಯಾತ್ಮರು ಬೇಸ್‌ಬಾಲ್ ದಿಗ್ಗಜ ಹ್ಯಾಂಕ್ ಆರನ್ ಅವರದ್ದಾಗಿದ್ದ ಬ್ಯಾಟೊಂದನ್ನು ಕಳಿಸಿಕೊಟ್ಟರಂತೆ. ಸಂಸದರು ಅಷ್ಟು ಬೆಲೆಯ ಉಡುಗೊರೆ ಇಟ್ಟುಕೊಳ್ಳುವಂತಿಲ್ಲ. ವಾಪಸ್ ಕಳಿಸಬೇಕಾಯಿತು. ಸರ್ಕಾರ ನನ್ನ ಬ್ಯಾಟನ್ನು ಮತ್ತೊಮ್ಮೆ ಕಿತ್ತುಕೊಂಡಿತು ಅಂತ ಮಿನೆಟಾ ನಗುತ್ತಿದ್ದರು.

ಇದರಿಂದ ನಮಗೇನು ಬಂತು ಅಂತೀರಾ? 2001ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ಆಗ ಇಲ್ಲಿದ್ದವರಿಗೆ ಚೆನ್ನಾಗಿ ಗೊತ್ತು. ಕಂದು ಮೈಬಣ್ಣದವರನ್ನು ಎಲ್ಲರೂ ಗುಮಾನಿಯಿಂದ ನೋಡುತ್ತಿದ್ದ ದಿನಗಳು. ಅರಿಜೋನಾದಲ್ಲಿ ಪೇಟ ಕಟ್ಟಿದ್ದ ಬಲಬೀರ್ ಸಿಂಗ್ ಸೋಧಿಯವರನ್ನು ಗುಂಡಿಟ್ಟು ಕೊಂದರು. ಆಗ ಸಾರಿಗೆ ಮಂತ್ರಿಯಾಗಿದ್ದವರು ಇದೇ ಮಿನೆಟಾ. 1942ರಲ್ಲಿ ನಾರ್ಮ್‌ಗೆ (ಅಂದರೆ ಮಿನೆಟಾಗೆ) ಆದದ್ದು ಮತ್ತೆ ಯಾರಿಗೂ ಆಗಬಾರದು ಅಂತ ಅಧ್ಯಕ್ಷ ಬುಷ್ (ಮೇಲೆ ಹೇಳಿದವರ ಮಗ) ಸಂಪುಟ ಸಭೆಯಲ್ಲಿ ಹೇಳಿದ್ದನ್ನು ಮಿನೆಟಾ ಆಮೇಲೆ ಹಲವು ಸಲ ನೆನೆಸಿಕೊಂಡಿದ್ದಾರೆ. ಜನಾಂಗ, ಧರ್ಮ ನೋಡಿ ಪ್ರಯಾಣಿಕರನ್ನು ಪಕ್ಕಕ್ಕೆ ನಿಲ್ಲಿಸಬೇಡಿ ಅಂತ ಮಿನೆಟಾ ಅವರ ಇಲಾಖೆ ವಿಮಾನ ಕಂಪನಿಗಳಿಗೆ ಆ ತಿಂಗಳೇ ಕಾಗದ ಬರೆಯಿತು. ಎಲ್ಲರೂ ಪಾಲಿಸಿದರು ಅಂತ ನಾನೇನೂ ಹೇಳುತ್ತಿಲ್ಲ. ಆದರೆ 1988ರಲ್ಲಿ ಆ ತಪ್ಪನ್ನು ತಪ್ಪು ಅಂತ ದೇಶವೇ ಬರೆದುಕೊಟ್ಟಿರದಿದ್ದರೆ, ಆ ಸಂಪುಟ ಸಭೆಯಲ್ಲಿ ಆ ಮಾತು ಅಷ್ಟು ಸುಲಭವಾಗಿ ಬರುತ್ತಿತ್ತೇ? ನನಗಂತೂ ಅನುಮಾನ.

ಸಿನಿಮಾ ಹುಚ್ಚು ನಮ್ಮಲ್ಲಿ ಎಲ್ಲರಿಗೂ ಇದೆ, ಅದಕ್ಕೇ ಇನ್ನಿಬ್ಬರು ನಟರ ಮಾತು. 'ಸ್ಟಾರ್ ಟ್ರೆಕ್' ನೋಡಿದವರಿಗೆ ಸುಲು ಪಾತ್ರದ ಜಾರ್ಜ್ ಟಕೈ ಗೊತ್ತು. ಐದು ವರ್ಷದವರಿದ್ದಾಗ ಬಂದೂಕಿನ ಸೈನಿಕರು ಲಾಸ್ ಏಂಜಲಿಸ್ ಮನೆ ಬಾಗಿಲಿಗೆ ಬಂದರು. ಮೊದಲು ಸಾಂಟಾ ಅನಿಟಾ ರೇಸ್‌ಕೋರ್ಸಿನ ಕುದುರೆ ಲಾಯದಲ್ಲಿ ವಾಸ, ಆಮೇಲೆ ಅರ್ಕನ್ಸಾದ ಶಿಬಿರ. ದೊಡ್ಡವರಾದ ಮೇಲೆ 1981ರಲ್ಲಿ ಆಯೋಗದ ಮುಂದೆ ಸಾಕ್ಷಿ ಹೇಳಿದರು. ಪರಿಹಾರದ ಹಣವನ್ನು ಪೂರ್ತಿಯಾಗಿ ಲಾಸ್ ಏಂಜಲಿಸ್‌ನ ಜಪಾನಿ ಅಮೆರಿಕನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಅವರ ತಂದೆ 1979ರಲ್ಲೇ ತೀರಿಕೊಂಡಿದ್ದರು. ಕ್ಷಮೆಯ ಕಾಗದವನ್ನು ಅವರು ನೋಡಲೇ ಇಲ್ಲ.

ಇನ್ನೊಬ್ಬರು ಪ್ಯಾಟ್ ಮೊರಿಟಾ. 'ಕರಾಟೆ ಕಿಡ್'ನ ಮಿಯಾಗಿ ಮೇಷ್ಟ್ರು. ಬೆನ್ನುಮೂಳೆ ಕ್ಷಯದಿಂದ ಬಾಲ್ಯದ ಬಹುಪಾಲು ಆಸ್ಪತ್ರೆಯಲ್ಲೇ ಕಳೆದ ಹುಡುಗ. ಹನ್ನೊಂದನೇ ವಯಸ್ಸಿಗೆ ಎದ್ದು ಓಡಾಡುವಂತಾದ. ಆಸ್ಪತ್ರೆಯಿಂದ ಮನೆಗೆ ಹೋಗಲಿಲ್ಲ. ಎಫ್‌ಬಿಐ ಏಜೆಂಟ್ ಒಬ್ಬ ಅವನನ್ನು ನೇರವಾಗಿ ಅರಿಜೋನಾದ ಗಿಲಾ ರಿವರ್ ಶಿಬಿರಕ್ಕೆ ಕರೆದುಕೊಂಡು ಹೋದ. ಅಂಥ ಮನುಷ್ಯ ದೊಡ್ಡವನಾಗಿ ನಗೆನಟನಾದ! 1984ರ ಆ ಸಿನಿಮಾದಲ್ಲಿ ಮಿಯಾಗಿ ಕುಡಿದು, ಶಿಬಿರದಲ್ಲಿ ಹೆರಿಗೆಯಲ್ಲಿ ಸತ್ತ ಹೆಂಡತಿಯನ್ನು ನೆನೆಯುವ ದೃಶ್ಯ ಇದೆ. ಕಥೆ ನಿಧಾನ ಆಗುತ್ತೆ, ಕತ್ತರಿಸಿ ಅಂತ ಸ್ಟುಡಿಯೊದವರು ಅಂದಿದ್ದರು. ನಿರ್ದೇಶಕ ಒಪ್ಪಲಿಲ್ಲ. ಮೊರಿಟಾಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಕಾನೂನು ಬರುವುದಕ್ಕೆ ನಾಲ್ಕು ವರ್ಷ ಮೊದಲೇ ಕರಾಟೆ ನೋಡಲು ಬಂದ ಮಕ್ಕಳ ಕಿವಿಗೆ ಆ ಶಿಬಿರಗಳ ವಿಷಯ ಬಿತ್ತು. ಹದಿನೈದು ನಿಮಿಷದಲ್ಲಿ ಏನು ಸಾಧ್ಯ ಅಂತ ಸಭೆಯಲ್ಲಿ ಕೇಳಿದಿರಿ. ಆ ದೃಶ್ಯ ಹದಿನೈದು ನಿಮಿಷವೂ ಇಲ್ಲ.

ಕೆಟ್ಟ ಪ್ರಯೋಗಗಳೂ ಇವೆ, ಮುಚ್ಚಿಡುವುದಿಲ್ಲ. ಕೆನಡಾ ನೋಡಿ. 1914ರಲ್ಲಿ ಕೊಮಗಾಟಾ ಮಾರು ಹಡಗಿನಲ್ಲಿ ಬಂದ ಭಾರತದ 376 ಜನರನ್ನು ವ್ಯಾಂಕೂವರ್ ದಡದಲ್ಲಿ ಎರಡು ತಿಂಗಳು ತಡೆದು ನಿಲ್ಲಿಸಿ, ಕೆಲವರನ್ನು ಬಿಟ್ಟು ಉಳಿದವರನ್ನೆಲ್ಲ ವಾಪಸ್ ಅಟ್ಟಿದರು. ಕಲ್ಕತ್ತೆಯ ಬಳಿಯ ಬಜ್ ಬಜ್‌ನಲ್ಲಿ ಇಳಿದವರ ಮೇಲೆ ಬ್ರಿಟಿಷ್ ಸರ್ಕಾರ ಗುಂಡು ಹಾರಿಸಿತು. 2008ರಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಸರ್‍ರೇ ಊರಿನ ಪಾರ್ಕಿನಲ್ಲಿ ನಡೆದ ಒಂದು ಮೇಳದಲ್ಲಿ ವೇದಿಕೆ ಹತ್ತಿ ಕ್ಷಮೆ ಕೇಳಿದರು. ಜನ ಅಲ್ಲೇ ಬೇಡ ಅಂದುಬಿಟ್ಟರು. ಅನ್ಯಾಯ ಮಾಡಿದ್ದು ಸರ್ಕಾರ, ಕ್ಷಮೆಯೂ ಸಂಸತ್ತಿನಲ್ಲೇ ದಾಖಲಾಗಲಿ ಅನ್ನುವುದು ಅವರ ಹಠ. ಸರಿಯಾದ ಹಠ. ರಾಷ್ಟ್ರಗೀತೆಯನ್ನು ಊಟದ ಹಾಲ್‌ನಲ್ಲಿ ಹಾಡಿದರೆ ನಮ್ಮ ಕೂಟದಲ್ಲಿ ಗಲಾಟೆ ಆಗಲ್ವಾ?

2016ರ ಮೇ 18ರಂದು ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ಸಂಸತ್ತಿನಲ್ಲೇ ಕ್ಷಮೆ ಕೇಳಿದರು. ಟ್ರುಡೊ ಹಿಂದೆ ನಾಟಕದ ಪಾಠ ಹೇಳಿದ ಮೇಷ್ಟ್ರು, ಟಿವಿಯಲ್ಲಿ ನಟಿಸಿದವರು. ಭಾಷಣ ಚೆನ್ನಾಗಿಯೇ ಬಂತು. ಆದರೆ ಅದೇ ದಿನ, ಅದೇ ಸಭಾಂಗಣದಲ್ಲಿ, ವಿರೋಧ ಪಕ್ಷದ ಸಂಸದರೊಬ್ಬರ ತೋಳು ಹಿಡಿದು ಎಳೆಯಲು ಹೋಗಿ ಪಕ್ಕದಲ್ಲಿದ್ದ ಸಂಸದೆಯ ಎದೆಗೆ ಮೊಣಕೈ ತಾಗಿಸಿದರು. ಒಂದೇ ದಿನ ಎರಡನೇ ಕ್ಷಮೆ! 2019ರಲ್ಲಿ ಮತ್ತೊಂದು ಪಜೀತಿ. 2001ರಲ್ಲಿ ಶಾಲೆಯ ಪಾರ್ಟಿಯೊಂದರಲ್ಲಿ ಅಲ್ಲಾದೀನನ ವೇಷಕ್ಕೆ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಫೋಟೊ ಹೊರಗೆ ಬಂತು. ಮತ್ತೆ ಕ್ಷಮೆ. ಈ ಮನುಷ್ಯನನ್ನು ನೋಡಿ ನೀವು ನಕ್ಕರೆ ನಾನೂ ಜೊತೆಗೆ ನಗುತ್ತೇನೆ. ಆದರೂ ಕೊಮಗಾಟಾ ಮಾರು ಕ್ಷಮೆ ಇವತ್ತಿಗೂ ಕೆನಡಾ ಸಂಸತ್ತಿನ ದಾಖಲೆಯಲ್ಲಿದೆ. ನಟನ ಮೇಕಪ್ ಕೆಟ್ಟರೂ ಆಡಿದ ಮಾತು ಅಳಿಸಿಹೋಗುವುದಿಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು ನಾಟಕವೇ ಇಲ್ಲದ ಕ್ಷಮೆ. 2009ರಲ್ಲಿ ಅಮೆರಿಕ ಇಲ್ಲಿನ ಮೂಲನಿವಾಸಿಗಳ ಕ್ಷಮೆ ಕೇಳಿತು. ಎಷ್ಟು ಜನರಿಗೆ ಗೊತ್ತು? ರಕ್ಷಣಾ ಖರ್ಚಿನ ಮಸೂದೆಯ ಹೊಟ್ಟೆಯೊಳಗೆ, ಹಣದ ಲೆಕ್ಕಗಳ ನಡುವೆ ಆ ಸಾಲುಗಳನ್ನು ತುರುಕಿದ್ದರು. ಇದರಿಂದ ಸರ್ಕಾರದ ಮೇಲೆ ಯಾರೂ ದಾವೆ ಹೂಡುವಂತಿಲ್ಲ ಅಂತ ಬಾಲ ಬೇರೆ. ಡಿಸೆಂಬರ್‌ನಲ್ಲಿ ಒಬಾಮ ಸಹಿ ಹಾಕಿದಾಗ ಈ ಕ್ಷಮೆಗೆ ಅಂತ ಸಮಾರಂಭ ಇಲ್ಲ, ಮೂಲನಿವಾಸಿಗಳ ಒಬ್ಬ ಹಿರಿಯರನ್ನೂ ಕರೆದು ಕೂರಿಸಲಿಲ್ಲ. 2024ರ ಅಕ್ಟೋಬರ್ 25ರಂದು ಬೈಡನ್ ಅರಿಜೋನಾದ ಗಿಲಾ ರಿವರ್‌ಗೇ ಹೋಗಿ, ಮೂಲನಿವಾಸಿ ಮಕ್ಕಳನ್ನು ತಾಯಿ ತಂದೆಯಿಂದ ಕಿತ್ತು ವಸತಿ ಶಾಲೆಗಳಿಗೆ ತುಂಬಿದ್ದಕ್ಕೆ ಗಟ್ಟಿಯಾಗಿ ಕ್ಷಮೆ ಕೇಳಿದರು. ಹೌದು, ಅದೇ ಗಿಲಾ ರಿವರ್. ಮೊರಿಟಾ ಇದ್ದ ಶಿಬಿರವನ್ನು ಸರ್ಕಾರ ಕಟ್ಟಿದ್ದು ಮೂಲನಿವಾಸಿಗಳ ನೆಲದಲ್ಲಿ, ಅವರು ಬೇಡ ಅಂದರೂ ಕೇಳದೆ.

1988ರ ಕಾನೂನಿಗೂ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಪೆರು ಮತ್ತಿತರ ದೇಶಗಳಿಂದ ಹಿಡಿದು ತಂದಿದ್ದ ಸುಮಾರು 2,200 ಜಪಾನಿ ಮೂಲದವರು ಅದರಲ್ಲಿ ಸೇರಲಿಲ್ಲ. ಯಾಕೆ? ಅವರು ಕಾನೂನುಬದ್ಧವಾಗಿ ದೇಶಕ್ಕೆ ಬಂದವರಲ್ಲವಂತೆ! ಹಿಡಿದು ತಂದವರು ಯಾರು ಸ್ವಾಮಿ? ಅವರು ಕೋರ್ಟಿಗೆ ಹೋದರು. 1998ರಲ್ಲಿ ರಾಜಿಯಾಗಿ ತಲಾ 5,000 ಡಾಲರ್ ಸಿಕ್ಕಿತು.

ಇನ್ನು "ನಮಗ್ಯಾಕೆ" ಅನ್ನುವ ಪ್ರಶ್ನೆ. ಇದೇ ಸ್ಯಾನ್ ಹೊಸೆಯ ಪೇಟೆ ಮಧ್ಯದಲ್ಲಿ ಒಂದು ಚೈನಾಟೌನ್ ಇತ್ತು. 1887ರಲ್ಲಿ ನಗರಸಭೆ ಅದನ್ನು ಸಾರ್ವಜನಿಕರಿಗೆ ತೊಂದರೆ ಅಂತ ಘೋಷಿಸಿತು. ಆ ವರ್ಷ ಮೇನಲ್ಲಿ ಯಾರೋ ಬೆಂಕಿ ಇಟ್ಟರು. ಸುಮಾರು 1,400 ಜನ ಬೀದಿಗೆ ಬಿದ್ದರು. 2021ರ ಸೆಪ್ಟೆಂಬರ್‌ನಲ್ಲಿ ನಗರಸಭೆ ಅದಕ್ಕೆ ಕ್ಷಮೆ ಕೇಳಿತು. ನಮ್ಮ ಎಷ್ಟೋ ಜನ ಸೂಟು ಬೂಟು ಹಾಕಿಕೊಂಡು ಕಾನ್ಫರೆನ್ಸಿಗೆ ಹೋಗುವ ದೊಡ್ಡ ಹೋಟೆಲ್ ಇರುವುದು ಆ ಸುಟ್ಟ ಜಾಗದಲ್ಲೇ.

ಅದೂ ದೂರದ ಮಾತು ಅಂದರೆ, ಫೆಬ್ರವರಿ 19ನ್ನೇ ತೆಗೆದುಕೊಳ್ಳಿ. ಜಪಾನಿ ಮೂಲದವರನ್ನು ಎತ್ತಿಹಾಕಲು ದಾರಿ ಮಾಡಿದ ಆದೇಶಕ್ಕೆ ರೂಸ್ವೆಲ್ಟ್ ಸಹಿ ಹಾಕಿದ್ದು 1942ರ ಫೆಬ್ರವರಿ 19ರಂದು. ಅದಕ್ಕೆ ಸರಿಯಾಗಿ ಹತ್ತೊಂಬತ್ತು ವರ್ಷ ಮೊದಲು, 1923ರ ಫೆಬ್ರವರಿ 19ರಂದು, ಇಲ್ಲಿನ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆದರೂ ಭಾರತದವರು ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಅಂದಿತು ಕೋರ್ಟ್. ಅದಾಗಲೇ ಪೌರತ್ವ ಸಿಕ್ಕಿದ್ದವರಿಂದಲೂ ಕಿತ್ತುಕೊಂಡರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗೈ ಅವರಲ್ಲಿ ಒಬ್ಬರು. ದೇಶವೂ ಇಲ್ಲ, ಆಸ್ತಿಯೂ ಇಲ್ಲ ಅಂತಾಗಿ 1928ರಲ್ಲಿ ಜೀವ ಕಳೆದುಕೊಂಡರು. ಅದಕ್ಕೂ ಮುಂಚೆ ಒಮ್ಮೆ ಅವರು ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ಹೇರಿಕೊಂಡು ಹೋದಾಗ, ನೆರೆಯವರು ಮನೆಗೆ ಬೀಗ ಹಾಕಿ ಒಳಗೇ ಬಿಡಲಿಲ್ಲ. ಹೆಂಡತಿ ಕಲಾ ಬಗೈ ಮೂರು ಮಕ್ಕಳನ್ನು ಬೆಳೆಸಿ ದೊಡ್ಡವರನ್ನಾಗಿ ಮಾಡಿದರು. ಈಗ ಬರ್ಕ್ಲಿ ಪೇಟೆಯ ಒಂದು ರಸ್ತೆಗೆ ಅವರ ಹೆಸರಿದೆ. ದೋಸೆ ತಿನ್ನೋಕೆ ಆ ಕಡೆ ಹೋದಾಗ ಬೋರ್ಡು ನೋಡಿ.

ಭಾರತದವರಿಗೆ ಪೌರತ್ವದ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ. ವಲಸೆಗೆ ವರ್ಷಕ್ಕೆ 100 ಜನರ ಕೋಟಾ. 1965ರ ಕಾನೂನು ಬಂದ ಮೇಲೇ ನಮ್ಮಂಥವರು ಬರುವಂತಾಗಿದ್ದು. ಕರಿಯರ ನಾಗರಿಕ ಹಕ್ಕಿನ ಹೋರಾಟ ಇಲ್ಲದೆ ಆ ಕಾನೂನು ಬರುತ್ತಿರಲಿಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ಗೊಣಗುವಾಗ ಇದು ಯಾಕೋ ನಮಗೆ ನೆನಪಾಗುವುದಿಲ್ಲ.

ಈಗ ಕೆಲಸದ ಮಾತು. ಸ್ಯಾನ್ ಹೊಸೆ ಜಪಾನ್‌ಟೌನ್‌ನಲ್ಲಿ ಪ್ರತಿವರ್ಷ ಫೆಬ್ರವರಿ 19ರ ಆಸುಪಾಸಿನಲ್ಲಿ ನೆನಪಿನ ದಿನ ನಡೆಯುತ್ತದೆ. ಭಾಷಣ, ತೈಕೊ ಡೋಲು, ಆಮೇಲೆ ಮೇಣದಬತ್ತಿ ಹಿಡಿದು ಬೀದಿಯಲ್ಲಿ ಮೆರವಣಿಗೆ. 2001ರ ನಂತರ ಮುಸ್ಲಿಮರ ಪರವಾಗಿಯೂ ಅಲ್ಲಿ ದನಿ ಎದ್ದಿದೆ. ಆ ಸಂಜೆ ಕೂಟದ ಬೇರೆ ಯಾವ ಕಾರ್ಯಕ್ರಮವನ್ನೂ ಇಡಬೇಡಿ ಅನ್ನುವುದು ನನ್ನ ಮೊದಲ ಬೇಡಿಕೆ. ಬರಲು ಇಷ್ಟ ಇರುವವರು ಒಟ್ಟಿಗೆ ಹೋಗೋಣ. ಫೆಬ್ರವರಿ ಸಂಜೆ ಚಳಿ ಜಾಸ್ತಿ, ಮಕ್ಕಳಿಗೆ ಜಾಕೆಟ್ ಮರೆಯಬೇಡಿ. ಹೋಗುವ ಮೊದಲು ಒಂದು ಭಾನುವಾರ ಸ್ಯಾನ್ ಬ್ರೂನೊ ಬಾರ್ಟ್ ರೈಲು ನಿಲ್ದಾಣದ ಬಳಿ ಟ್ಯಾನ್‌ಫೊರಾನ್ ಸ್ಮಾರಕವನ್ನೂ ನೋಡಿ ಬರಬಹುದು. 1942ರಲ್ಲಿ ಅಲ್ಲಿನ ರೇಸ್‌ಕೋರ್ಸಿನ ಲಾಯಗಳಲ್ಲಿ ಸುಮಾರು 8,000 ಜನರನ್ನು ತಿಂಗಳುಗಟ್ಟಲೆ ಇಟ್ಟಿದ್ದರು.

ಎರಡನೆಯದು, ಆ ಹದಿನೈದು ನಿಮಿಷ. ಅಂತ್ಯಾಕ್ಷರಿ ಇರಲಿ, ಒಂದು ಸುತ್ತು ಕಡಿಮೆ ಮಾಡಿ ಸಾಕು. ಹನ್ನೆರಡು ನಿಮಿಷಕ್ಕೆ ಇಳಿಸಿ ಸ್ಕ್ರಿಪ್ಟ್ ಬರೆದಿಟ್ಟಿದ್ದೇವೆ. ಮೇರಿ ಮಸುಡಾ ಪಾತ್ರಕ್ಕೆ, ಜನರಲ್ ಪಾತ್ರಕ್ಕೆ ಜನ ಸಿಕ್ಕಿದ್ದಾರೆ. ರೇಗನ್ ಪಾತ್ರ ಇನ್ನೂ ಖಾಲಿ ಇದೆ. ಅಧ್ಯಕ್ಷರೇ, ನಿಮ್ಮ ಕ್ರಾಪು ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇರೋದು ಒಂದೇ ಒಂದು ಜೋಕು. ತಾಲೀಮು ಶನಿವಾರ ಬೆಳಿಗ್ಗೆ, ಕಾಫಿ ನಮ್ಮ ಕಡೆಯಿಂದ.

ಇಂತಿ ನಿಮ್ಮ ವಿಶ್ವಾಸಿ,
ಕೂಟದ ನಾಟಕ ತಂಡದ ಒಬ್ಬ ಸದಸ್ಯ